ಗ್ಯಾಸ್ಟ್ರಿಕ್ ಅಷ್ಟೇ ಸಿಸ್ಟರ್

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಕೆಲವು ವರ್ಷ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡಿದ ಮೇಲೆ ನಾನು ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್ ಸೇರಿದೆ. ಅದರಲ್ಲಿ ಸೈಕಿಯಾಟ್ರಿ, ಅಂದರೆ ಮಾನಸಿಕ ರೋಗ ವಿಭಾಗದ, ಪೋಸ್ಟಿಂಗ್ ಮಾಡಲೇಬೇಕು. ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ವಹಿಸುತ್ತಾರೆ. ಅವರ ಜೊತೆ ದಿನಾ ಕೂತು ಮಾತಾಡಬೇಕು. ಆಡಿದ ಮಾತನ್ನು ಇದ್ದ ಹಾಗೇ ಬರೆದಿಡಬೇಕು. ಕೇರ್ ಪ್ಲಾನ್ ತಯಾರು ಮಾಡಬೇಕು. ಕೊನೆಗೆ ಕ್ಲಾಸಿನಲ್ಲಿ ಕೇಸ್ ಪ್ರೆಸೆಂಟೇಷನ್. ಆ ದಿನಗಳಲ್ಲಿ ನನಗೆ ಸಿಕ್ಕಿದ್ದು ಆತಂಕದ ಕಾಯಿಲೆ ಇದ್ದ ಒಬ್ಬ ತಾಯಿ. ಅವರ ಜೊತೆ ನಾನು ಏನು ಮಾಡಿದೆ, ಏನನ್ನು ಬೇಕೆಂದೇ ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅದು ಜನರಲ್ ಆಸ್ಪತ್ರೆಯೊಳಗಿನ ಸೈಕಿಯಾಟ್ರಿ ವಾರ್ಡು. ಬೀಗ ಹಾಕಿದ ಕೋಣೆ, ಸರಪಳಿ, ಜನ ಊಹಿಸಿಕೊಳ್ಳುವಂಥದ್ದು ಯಾವುದೂ ಅಲ್ಲಿಲ್ಲ. ಪ್ರತಿ ಮಂಚದ ಪಕ್ಕ ಮನೆಯವರೊಬ್ಬರು ಇರುತ್ತಾರೆ. ಊಟದ ಡಬ್ಬಿ, ಫ್ಲಾಸ್ಕು, ಚಾಪೆ. ಹೀಗೆ ಮನೆಯವರನ್ನು ಜೊತೆಗೇ ಇರಿಸಿಕೊಂಡು ನೋಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಟೆಂಟು ಹಾಕಿಸಿ ರೋಗಿಯ ಜೊತೆ ಕುಟುಂಬವನ್ನೂ ಉಳಿಸಿಕೊಂಡಿದ್ದರು. ಇದು ನಮ್ಮ ದೊಡ್ಡ ಶಕ್ತಿ ಎಂದು ನನಗೆ ಅನ್ನಿಸುತ್ತದೆ. ಅಷ್ಟು ನರ್ಸುಗಳು ನಮ್ಮಲ್ಲಿ ಎಲ್ಲಿದ್ದಾರೆ?

ಆ ತಾಯಿ ಅಡಿಕೆ ಸೀಮೆಯವರು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ಜೊತೆಗಿದ್ದರು. ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಂತಾಗುವುದು, ಉಸಿರು ಸಾಲದಂತಾಗುವುದು, ಕೈಕಾಲು ತಣ್ಣಗಾಗುವುದು, ಜೀವ ಹೋಗಿಬಿಡುತ್ತೆ ಅನ್ನಿಸುವುದು. ಮತ್ತೆ ಮತ್ತೆ ಕ್ಯಾಶುವಾಲ್ಟಿಗೆ ಓಡಿ ಬಂದಿದ್ದರು. ಇಸಿಜಿ, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್, ಸಕ್ಕರೆ, ರಕ್ತದ ಪರೀಕ್ಷೆ ಎಲ್ಲ ನಾರ್ಮಲ್. ಎಂಡೋಸ್ಕೋಪಿ ಕೂಡ ಆಗಿತ್ತು. ಊಟ ಸೇರದೆ, ನಿದ್ದೆ ಇಲ್ಲದೆ ಸೊರಗಿದ್ದರಿಂದ ಅಡ್ಮಿಟ್ ಮಾಡಿಕೊಂಡಿದ್ದರು. ಅವರದೇ ಒಪ್ಪಿಗೆಯ ಮೇಲೆ ಆದ ಅಡ್ಮಿಷನ್ ಅದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಹಾಗೆ ತಾವಾಗಿ ದಾಖಲಾದವರು ತಾವಾಗಿಯೇ ಕೇಳಿ ಬಿಡುಗಡೆ ಪಡೆಯಬಹುದು. ಇದನ್ನು ಹೇಳಿದಾಗ ಅವರ ಗಂಡನ ಮುಖ ಸ್ವಲ್ಪ ಸಡಿಲವಾಯಿತು. ಒಮ್ಮೆ ಒಳಗೆ ಹೋದರೆ ಹೊರಗೆ ಬಿಡುವುದಿಲ್ಲ ಎಂದು ಊರಿನಲ್ಲಿ ಯಾರೋ ಹೆದರಿಸಿ ಕಳಿಸಿದ್ದರಂತೆ.

ನಾನು ಪರಿಚಯ ಹೇಳಿಕೊಂಡು ಕೂತ ಕೂಡಲೇ ಅವರು ಹೇಳಿದ್ದು ಒಂದೇ ಮಾತು.

"ನಂಗೇನೂ ಆಗಿಲ್ಲ ಸಿಸ್ಟರ್. ಗ್ಯಾಸ್ಟ್ರಿಕ್ ಅಷ್ಟೇ. ಗ್ಯಾಸ್ ಎದೆಗೆ ಹತ್ತುತ್ತೆ. ಅದಕ್ಕೆ ಈ ವಾರ್ಡಿಗೆ ಯಾಕೆ ಹಾಕಿದಾರೋ ಗೊತ್ತಿಲ್ಲ."

ಮೆಡಿಕಲ್ ವಾರ್ಡಿನಲ್ಲಿ ಈ ಮಾತನ್ನು ನಾನು ದಿನಾ ಕೇಳಿದವಳು. ನಮ್ಮ ಕಡೆ ಎದೆಯಿಂದ ಸೊಂಟದ ತನಕ ಏನೇ ಆದರೂ ಅದು ಗ್ಯಾಸ್ಟ್ರಿಕ್ಕೇ. ಹೃದಯಾಘಾತ ಆಗುತ್ತಿದ್ದರೂ ಸೋಡಾ ಕುಡಿದು, ಓಮ ಅಗಿದು, ಬೆಳಗಾಗಲಿ ಎಂದು ಕಾದು ಬರುವವರಿದ್ದಾರೆ. ಮನಸ್ಸಿನ ಸಂಕಟಕ್ಕೂ ಅದೇ ಹೆಸರು. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎದೆ ನೋವಿನೊಂದಿಗೆ ಬಂದವರನ್ನು "ಟೆನ್ಷನ್ ಇರಬೇಕು" ಎಂದು ಮೊದಲೇ ತೀರ್ಮಾನಿಸುವ ಹಾಗಿಲ್ಲ. ಹೃದಯ, ಶ್ವಾಸಕೋಶ, ಥೈರಾಯ್ಡ್, ಸಕ್ಕರೆ ಕಡಿಮೆಯಾಗುವುದು, ಇವನ್ನೆಲ್ಲ ನೋಡಿದ ಮೇಲೆಯೇ ಆತಂಕದ ಮಾತು. ಹೆಂಗಸರ ವಿಷಯದಲ್ಲಂತೂ ಈ ಅವಸರದ ತೀರ್ಮಾನ ಜಾಸ್ತಿ, ಅದು ನನಗೆ ಸಿಟ್ಟು ತರಿಸುವ ಸಂಗತಿ.

ಈ ಪೋಸ್ಟಿಂಗಿಗೆ ಬರುವ ಮುಂಚೆ ಡಿಫೆನ್ಸ್ ಮೆಕ್ಯಾನಿಸಂ, ಅಂದರೆ ಮನಸ್ಸಿನ ರಕ್ಷಣಾ ತಂತ್ರಗಳು, ನಮಗೆ ಪರೀಕ್ಷೆಯ ಪ್ರಶ್ನೆಯಾಗಿತ್ತು. ತಾಳಲಾಗದ ಸಂಕಟ ಎದುರಾದಾಗ ಮನಸ್ಸು ನಮಗೇ ಗೊತ್ತಿಲ್ಲದಂತೆ ಅದನ್ನು ಮರೆಮಾಡುತ್ತದೆ, ತಿರುಚುತ್ತದೆ, ಬೇರೆ ಕಡೆ ಸಾಗಹಾಕುತ್ತದೆ. ಸಿಗ್ಮಂಡ್ ಫ್ರಾಯ್ಡ್ ಇದನ್ನು ಗುರುತಿಸಿದರು. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಒಂದೊಂದನ್ನೂ ಬಿಡಿಸಿ, ಹೆಸರಿಟ್ಟು, ಒಂದು ವ್ಯವಸ್ಥೆಗೆ ತಂದರು. ಆಮೇಲೆ ಅಮೆರಿಕದ ಮನೋವೈದ್ಯ ಜಾರ್ಜ್ ವೇಲಂಟ್ ಇವುಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಎದುರಿಗಿರುವ ಸತ್ಯವನ್ನೇ ಇಲ್ಲ ಎನ್ನುವುದು. ಮೇಲಿನ ಮೆಟ್ಟಿಲಲ್ಲಿ ನಗು, ಪರರಿಗೆ ನೆರವಾಗುವುದು, ನೋವನ್ನು ಕೆಲಸದೊಳಗೆ ಹರಿಸುವ ಸಬ್ಲಿಮೇಷನ್. ನಮ್ಮ ಗಾದೆಗಳಲ್ಲೂ ಇವು ಸಿಗುತ್ತವೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದರೆ ಡಿಸ್‌ಪ್ಲೇಸ್‌ಮೆಂಟ್. ಕುಣಿಯಲು ಬಾರದವಳು ನೆಲ ಡೊಂಕು ಅಂದಿದ್ದು ರ‍್ಯಾಷನಲೈಸೇಷನ್. ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದುಕೊಳ್ಳುವುದು ಸುಲಭ. ಕಣ್ಣೆದುರಿಗೆ ಒಬ್ಬರು ಹಾಗೆ ಮಾತಾಡುತ್ತಿರುವಾಗ ನಾನು ಏನು ಮಾಡಬೇಕು ಎಂಬುದು ಆ ಪಾಠದಲ್ಲಿ ಇರಲಿಲ್ಲ.

ನನ್ನ ಮೊದಲ ಕೆಲಸ ಅಸೆಸ್‌ಮೆಂಟ್. ಹ್ಯಾಮಿಲ್ಟನ್ ಆತಂಕ ಮಾಪನ ಅಂತ ಒಂದಿದೆ, 1959ರಿಂದ ಬಳಕೆಯಲ್ಲಿದೆ. ಒಟ್ಟು 14 ವಿಷಯಗಳು, ಒಂದೊಂದಕ್ಕೆ 0ಯಿಂದ 4 ಅಂಕ, ಎಲ್ಲ ಸೇರಿ 56. ಅವರಿಗೆ ಬಂದದ್ದು 28. ಕಡಿಮೆಯೇನಲ್ಲ. ಆದರೆ ಅಂಕಕ್ಕಿಂತ ಜಾಸ್ತಿ ನನಗೆ ತಿಳಿಸಿದ್ದು ಅವರ ಕೈಗಳು. ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಮನೆಯ ವಿವರ ಕೇಳುವಾಗ ಗಂಡ ಒಂದು ಮಾತು ಸೇರಿಸಿದರು. ಕೆಲವು ತಿಂಗಳ ಹಿಂದೆ ಇವರ ತಮ್ಮ ತೀರಿಕೊಂಡಿದ್ದರು. ಹೃದಯಾಘಾತ. ಈಕೆಯೇ ಎತ್ತಿ ಆಡಿಸಿ ಬೆಳೆಸಿದ ತಮ್ಮ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದು ಆ ತಾಯಿ ತಕ್ಷಣ ಹೇಳಿದರು. "ಅವನ ಕಾರ್ಯ ಎಲ್ಲಾ ನಾನೇ ನಿಂತು ಮಾಡಿಸಿದ್ದೀನಿ. ಒಂದು ಹನಿ ಕಣ್ಣೀರು ಹಾಕಿಲ್ಲ. ಅಷ್ಟು ಗಟ್ಟಿ ನಾನು."

ಒಡಹುಟ್ಟಿದವನಿಗೆ ಎದೆಯಲ್ಲಿ ಬಂದ ಸಾವು. ಇವರಿಗೆ ಎದೆಯಲ್ಲೇ ನೋವು. ಅಳದ ದುಃಖ. ಎಲ್ಲವೂ ನನ್ನ ಮುಂದೆ ಬಿಡಿಸಿಟ್ಟ ಹಾಗಿತ್ತು. ಈಗಲೇ ಹೇಳಿಬಿಟ್ಟರೆ ಎಂಬ ಆಸೆ ನಾಲಿಗೆಯ ತುದಿಯವರೆಗೂ ಬಂದಿತ್ತು. ನಮ್ಮ ಮೇಡಂ ಮೊದಲೇ ಎಚ್ಚರಿಸಿದ್ದರು. "ಗೊತ್ತಾಗಿದ್ದನ್ನೆಲ್ಲ ಹೇಳಬೇಡಿ. ಮುರಿದ ಕಾಲಿಗೆ ಯಾರೋ ಹಳ್ಳಿಯಲ್ಲಿ ಬಿದಿರ ಕಡ್ಡಿ ಕಟ್ಟಿ ಕಳಿಸಿರುತ್ತಾರೆ. ಅದು ಸರಿಯಾದ ಕಟ್ಟಲ್ಲ, ನಿಜ. ಆದರೆ ನಿಮ್ಮ ಕಟ್ಟು ಸಿದ್ಧವಾಗುವ ತನಕ ಅದನ್ನು ಕಿತ್ತು ಹಾಕಬಾರದು." ಅವತ್ತು ಕೇರ್ ಪ್ಲಾನಿನ ಪುಸ್ತಕದಲ್ಲಿ ನಾನು ಬರೆದುಕೊಂಡೆ: ಡಿನಾಯಲ್ (ಇರುವುದನ್ನು ಇಲ್ಲ ಎನ್ನುವುದು) ಇದೆ, ರಿಪ್ರೆಷನ್ (ನೋವನ್ನು ತಮಗೇ ಗೊತ್ತಿಲ್ಲದೆ ಅದುಮಿಡುವುದು) ಇರಬಹುದು. ಅವರಿಗೆ ಹೇಳಿದ್ದು ಇಷ್ಟೇ: "ಇಷ್ಟು ದಿನ ಊಟ ನಿದ್ದೆ ಇಲ್ಲದೆ ತುಂಬಾ ಸುಸ್ತಾಗಿದ್ದೀರಿ ಅಮ್ಮ. ನಾಳೆ ಬೆಳಿಗ್ಗೆ ತಿಂಡಿ ಆದ ಮೇಲೆ ಮತ್ತೆ ಬರ್ತೀನಿ."

ಹೇಳಿದ ಹೊತ್ತಿಗೆ ಹೋಗುವುದು ಈ ಕೆಲಸದಲ್ಲಿ ಔಷಧಿಯಷ್ಟೇ ಮುಖ್ಯ. ಆತಂಕ ಇರುವವರಿಗೆ ಮುಂದಿನ ಗಳಿಗೆ ಏನಾಗುತ್ತೋ ಎಂಬುದೇ ದೊಡ್ಡ ಭಯ. ಹೇಳಿದ ಹೊತ್ತಿಗೆ ಒಬ್ಬರು ಬಂದು ಕೂರುತ್ತಾರೆ ಅನ್ನುವುದು ಗಟ್ಟಿಯಾದರೆ, ದಿನದಲ್ಲಿ ಅಷ್ಟಾದರೂ ನೆಚ್ಚಿಕೊಳ್ಳಬಹುದಾದ ಹೊತ್ತು ಅವರಿಗೆ ಸಿಗುತ್ತದೆ.

ಆ ದಿನಗಳಲ್ಲಿ ಅವರು ನನಗೆ ತೋರಿಸಿದ ರಕ್ಷಣಾ ತಂತ್ರಗಳು ಒಂದೆರಡಲ್ಲ. ಅನ್ನ ಬಿಸಿ ಇಲ್ಲ ಎಂದು ಊಟ ಬಡಿಸುವ ಹುಡುಗನ ಮೇಲೆ ವಾರ್ಡು ಅದುರುವಂತೆ ಕೂಗಾಡಿದರು. ಬೆಳಿಗ್ಗೆ ಡಾಕ್ಟರು ರೌಂಡ್ಸಿನಲ್ಲಿ ಮತ್ತೆ ಎಕೋ ಬೇಡ ಅಂದದ್ದರ ಸಿಟ್ಟು ಅದು. ಸಂಜೆಯಾದರೆ ಸಣ್ಣ ಮಗುವಿನಂತಾಗುತ್ತಿದ್ದರು. ಗಂಡನೇ ತುತ್ತು ಕಲಸಿ ಕೊಡಬೇಕು, ಬಚ್ಚಲ ಮನೆಯ ಬಾಗಿಲಲ್ಲಿ ನಿಂತಿರಬೇಕು. ಪುಸ್ತಕದಲ್ಲಿ ಇದಕ್ಕೆ ರಿಗ್ರೆಷನ್ ಅನ್ನುತ್ತಾರೆ. ತಮ್ಮನ ಹೆಂಡತಿಯ ಮಾತು ಬಂದಾಗಲೆಲ್ಲ ದನಿ ಗಡುಸಾಗುತ್ತಿತ್ತು. "ಪಕ್ಕದಲ್ಲೇ ಮಲಗಿದ್ಲು. ಅವಳಿಗೆ ಗೊತ್ತಾಗ್ಲಿಲ್ವಾ? ರಾತ್ರಿನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು." ಇದನ್ನು ನಾನು ಬರೆದುಕೊಂಡೆ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಈ ಆಪಾದನೆ ಯಾಕೆ ಇಷ್ಟು ಬಿಸಿಯಾಗಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಪ್ರೊಸೆಸ್ ರೆಕಾರ್ಡಿಂಗ್ ಅಂತ ನಾವು ಬರೆಯುವ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಅಂಕಣದಲ್ಲಿ ರೋಗಿ ಹೇಳಿದ್ದು, ಇನ್ನೊಂದರಲ್ಲಿ ನಾನು ಹೇಳಿದ್ದು, ಮತ್ತೊಂದರಲ್ಲಿ ಆಗ ನನ್ನ ಮನಸ್ಸಿನಲ್ಲಿ ಏನಾಯಿತು ಅನ್ನುವುದು, ಕೊನೆಯದರಲ್ಲಿ ನಾನು ಬಳಸಿದ ರೀತಿ ಸರಿಯೇ ಎಂಬ ವಿಮರ್ಶೆ. ಮೊದಮೊದಲು ಇದು ಬರೀ ಬರವಣಿಗೆಯ ಹೊರೆ ಅನ್ನಿಸುತ್ತದೆ. ಬರೆಯುತ್ತಾ ಹೋದಂತೆ ನಮ್ಮ ಬಾಯಿಂದ ಅಭ್ಯಾಸಬಲದಿಂದ ಬರುವ ಮಾತುಗಳು ಕಾಣತೊಡಗುತ್ತವೆ. "ಏನೂ ಆಗಲ್ಲ, ಧೈರ್ಯವಾಗಿರಿ" ಎಂಬುದು ನಮ್ಮ ವಾರ್ಡುಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಹೆದರಿದವರಿಗೆ ಅದು ಬಾಗಿಲು ಹಾಕಿದಂತೆ ಕೇಳಿಸುತ್ತದೆ. ಏನೂ ಆಗುವುದಿಲ್ಲ ಎಂದ ಮೇಲೆ ಅವರು ತಮಗೆ ಆಗುತ್ತಿರುವುದನ್ನು ಯಾರಿಗೆ ಹೇಳಬೇಕು? "ಯಾಕೆ ಹೆದರ್ತೀರಿ?" ಎಂಬುದೂ ಅಷ್ಟೇ. ಯಾಕೆ ಎಂದು ಕೇಳಿದರೆ ಜನ ಕಾರಣ ಹುಡುಕಿ ಕೊಡುತ್ತಾರೆ, ಅಂದರೆ ಗೋಡೆಗೆ ಇನ್ನೊಂದು ಕಲ್ಲು ಇಡುತ್ತಾರೆ. ಅದರ ಬದಲು "ಆ ಹೊತ್ತಿನಲ್ಲಿ ನಿಮಗೆ ಹೇಗಾಗುತ್ತೆ ಹೇಳಿ" ಎಂದರೆ ಮಾತು ಬರುತ್ತದೆ.

ಆಮೇಲೆ ಒಂದು ಸಂಜೆ, ನೋಡಲು ಬಂದವರ ಗದ್ದಲದ ಹೊತ್ತಿನಲ್ಲಿ, ಅವರಿಗೆ ನನ್ನ ಕಣ್ಣೆದುರೇ ಪ್ಯಾನಿಕ್, ಅಂದರೆ ಆತಂಕದ ಜೋರು ದಾಳಿ, ಬಂತು. ಪಕ್ಕದ ಮಂಚದ ರೋಗಿಯ ಸಂಬಂಧಿಕರು ಯಾರೋ ಹೃದಯಾಘಾತದಲ್ಲಿ ಹೋದ ಸುದ್ದಿ ಮಾತಾಡುತ್ತಿದ್ದರು. ಇವರು ಎದ್ದು ಕೂತರು. ಉಸಿರು ಮೇಲುಮೇಲಕ್ಕೆ ಓಡತೊಡಗಿತು. ಮುಖ ಬೆವರಿತು. "ಹೋಗ್ತಿದೆ, ಜೀವ ಹೋಗ್ತಿದೆ." ಕೈಬೆರಳುಗಳು ಸೆಟೆದು ಒಳಕ್ಕೆ ಮಡಿಚಿಕೊಂಡವು. ಗಂಡ ಗಾಬರಿಯಿಂದ ಬೀಗದ ಕೈ ಗೊಂಚಲನ್ನು ಅವರ ಅಂಗೈಗೆ ತುರುಕಲು ನೋಡಿದರು. ಫಿಟ್ಸ್ ಎಂದುಕೊಂಡಿದ್ದರು ಪಾಪ.

ಆ ಬೆರಳು ಸೆಟೆಯುವುದಕ್ಕೆ ಕಾರಣ ಇದೆ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಬಳಕೆಗೆ ಸಿಗುವ ಕ್ಯಾಲ್ಸಿಯಂ ತಗ್ಗುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ, ಸ್ನಾಯು ಬಿಗಿಯುತ್ತದೆ. ಅದನ್ನು ನೋಡಿ ಭಯ ಇನ್ನೂ ಏರುತ್ತದೆ, ಉಸಿರು ಇನ್ನೂ ಓಡುತ್ತದೆ. ಹಿಂದೆಲ್ಲ ಕಾಗದದ ಚೀಲದಲ್ಲಿ ಉಸಿರಾಡಿಸುತ್ತಿದ್ದರು. ಈಗ ಅದನ್ನು ಮಾಡುವುದಿಲ್ಲ, ನಿಜವಾದ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಅದು ಅಪಾಯ.

ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾ ಅವರು ಮಾನಸಿಕ ನರ್ಸಿಂಗಿಗೆ ತಳಪಾಯ ಹಾಕಿದವರು. ನರ್ಸ್ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು 1952ರಲ್ಲೇ ಹೇಳಿದರು. ಆತಂಕವನ್ನು ಅವರು ನಾಲ್ಕು ಮಟ್ಟವಾಗಿ ನೋಡುತ್ತಾರೆ: ಸೌಮ್ಯ, ಮಧ್ಯಮ, ತೀವ್ರ, ಪ್ಯಾನಿಕ್. ಸೌಮ್ಯ ಮಟ್ಟದಲ್ಲಿ ಬುದ್ಧಿ ಚುರುಕಾಗಿರುತ್ತದೆ, ಹೊಸದನ್ನು ಕಲಿಯಬಹುದು. ಮಧ್ಯಮದಲ್ಲಿ ಗಮನ ಕಿರಿದಾಗುತ್ತದೆ, ಆದರೆ ಯಾರಾದರೂ ತೋರಿಸಿಕೊಟ್ಟರೆ ಹಿಡಿಯುತ್ತಾರೆ. ತೀವ್ರ ಮಟ್ಟದಲ್ಲಿ ಕಣ್ಣಿಗೆ ಬೀಳುವುದು ಬರೀ ಚೂರುಪಾರು. ಪ್ಯಾನಿಕ್‌ನಲ್ಲಿ ಏನೂ ಒಳಗೆ ಇಳಿಯುವುದಿಲ್ಲ. ಈ ನಾಲ್ಕು ಮಟ್ಟ ಗೊತ್ತಿದ್ದರೆ ಯಾವಾಗ ಏನು ಮಾತಾಡಬೇಕು ಎಂಬುದು ಗೊತ್ತಾಗುತ್ತದೆ. ಪ್ಯಾನಿಕ್‌ನಲ್ಲಿ ಇರುವವರಿಗೆ ಕಾರ್ಬನ್ ಡೈಆಕ್ಸೈಡ್ ವಿವರಿಸಿ ಏನು ಪ್ರಯೋಜನ?

ಅವತ್ತು ನಾನು ಮಾಡಿದ್ದು ಸರಳ ಕೆಲಸಗಳು. ಸ್ಟಾಫ್ ಸಿಸ್ಟರ್ ಡ್ಯೂಟಿ ಡಾಕ್ಟರಿಗೆ ತಿಳಿಸಿದರು. ಗುಂಪನ್ನು ಹೊರಗೆ ಕಳಿಸಿ ಪರದೆ ಎಳೆದೆವು. ನಾನು ಅವರ ಕಣ್ಣಿನ ಮಟ್ಟಕ್ಕೆ ಕೂತೆ. "ನಾನು ಇಲ್ಲೇ ಇದ್ದೀನಿ. ನಿಮ್ಮನ್ನ ಬಿಟ್ಟು ಹೋಗಲ್ಲ." ಮುಟ್ಟಬಹುದಾ ಎಂದು ಕೇಳಿ ಕೈ ಹಿಡಿದೆ. ಪ್ಯಾನಿಕ್‌ನಲ್ಲಿ ಇದ್ದಕ್ಕಿದ್ದಂತೆ ಮುಟ್ಟಿದರೆ ಕೆಲವರು ಇನ್ನೂ ಬೆಚ್ಚುತ್ತಾರೆ. ನಾಡಿ 124, ಆಮ್ಲಜನಕ 99. ಡಾಕ್ಟರು ಬಂದು ಇಸಿಜಿ ತೆಗೆಸಿದರು, ಬಡಿತ ಜೋರಾಗಿತ್ತು ಅಷ್ಟೇ, ಬೇರೇನೂ ಇಲ್ಲ. ಅಷ್ಟೂ ಹೊತ್ತು ನಾನು ಒಂದೇ ಮಾತನ್ನು ನಿಧಾನವಾಗಿ ಹೇಳುತ್ತಿದ್ದೆ. "ನನ್ನ ಜೊತೆ ಉಸಿರು ಬಿಡಿ. ಉದ್ದಕ್ಕೆ ಬಿಡಿ. ಇನ್ನೂ ಬಿಡಿ." ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು, ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಮೊದಲು ಆಗಲಿಲ್ಲ. ನನ್ನ ಹೆಗಲು ಏರಿಳಿಯುವುದನ್ನು ನೋಡುತ್ತಾ ಆಮೇಲೆ ಜೊತೆಗೂಡಿದರು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅನುಭವಿಸುವವರಿಗೆ ಅದೊಂದು ಯುಗ. ನನಗೂ ಉದ್ದವೇ ಅನ್ನಿಸಿತು. ನರ್ಸಿನ ಆತಂಕ ರೋಗಿಗೆ ಅಂಟುತ್ತದೆ ಎಂದು ಪಾಠದಲ್ಲಿ ಓದಿದ್ದು ನೆನಪಿತ್ತು, ಅದಕ್ಕೇ ಮೊದಲು ನನ್ನ ಉಸಿರನ್ನು ನಾನು ನಿಧಾನ ಮಾಡಿಕೊಂಡಿದ್ದೆ.

ಬೆರಳು ಸಡಿಲವಾದ ಮೇಲೆ ಅವರು ಕೇಳಿದರು: "ಇದು ಗ್ಯಾಸ್ಟ್ರಿಕ್ ಅಲ್ವಾ ಸಿಸ್ಟರ್?"

ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಜಗಳ. "ನಿಮಗೆ ತುಂಬಾ ಭಯ ಆಯ್ತು. ಈಗ ಇಳೀತಿದೆ. ಹೆಂಗಿದೆ ಅಂತ ನಾಳೆ ಮಾತಾಡೋಣ," ಎಂದೆ. ತಲೆ ಆಡಿಸಿದರು.

ಮರುದಿನ, ಮನಸ್ಸು ಮಧ್ಯಮ ಮಟ್ಟಕ್ಕೆ ಇಳಿದಾಗ, ಉಸಿರಿನ ವಿಚಾರವನ್ನು ಚಿತ್ರ ಬರೆದು ತೋರಿಸಿದೆ. ಬೆರಳು ಯಾಕೆ ಸೆಟೆಯಿತು ಎಂಬುದು ಅವರಿಗೆ ಬಹಳ ಹಿಡಿಸಿತು. ಗಂಡನಿಗೂ ಕರೆದು ಹೇಳಿಸಿದರು. ಜೇಕಬ್ಸನ್ ಎಂಬ ಅಮೆರಿಕದ ವೈದ್ಯ ರೂಪಿಸಿದ ಸ್ನಾಯು ಸಡಿಲಿಸುವ ಅಭ್ಯಾಸವನ್ನೂ ಶುರು ಮಾಡಿದೆವು. ಪಾದದಿಂದ ಹಣೆಯ ತನಕ ಒಂದೊಂದೇ ಭಾಗವನ್ನು ಬಿಗಿ ಮಾಡುವುದು, ಬಿಡುವುದು. ಕಾಫಿ ಎಷ್ಟು ಕುಡಿಯುತ್ತಾರೆ ಎಂದು ಕೇಳಿದೆ. ಮಲೆನಾಡಿನ ಅಂಚಿನವರು, ಲೆಕ್ಕ ಇಡುವವರಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪೂ ಇತ್ತು. ಕೆಫೀನು, ನಿಕೋಟಿನು ಎರಡೂ ಎದೆಬಡಿತ ಏರಿಸುವಂಥವೇ. ಒಂದೇ ಸಲ ಎಲ್ಲ ಬಿಡಿ ಎನ್ನಲಿಲ್ಲ. ಸಂಜೆಯ ಮೇಲಿನ ಕಾಫಿ ನಿಲ್ಲಿಸುವುದಕ್ಕೆ ಒಪ್ಪಿದರು, ಹೊಗೆಸೊಪ್ಪಿನ ಮಾತನ್ನು ಮುಂದಕ್ಕೆ ಹಾಕಿದರು.

ಆತಂಕ ತಗ್ಗಿಸುವ ಔಷಧಿ ಎಸ್ಸಿಟಾಲೋಪ್ರಾಂ ಶುರುವಾಗಿತ್ತು, ರಾತ್ರಿ ನಿದ್ದೆಗೆ ಸಣ್ಣ ಪ್ರಮಾಣದಲ್ಲಿ ಕ್ಲೋನಾಜೆಪಾಮ್. "ನಿದ್ದೆ ಮಾತ್ರೆ ಅಭ್ಯಾಸ ಆಗಿಬಿಡುತ್ತಲ್ವಾ?" ಎಂದು ಗಂಡ ಕೇಳಿದರು. ಒಳ್ಳೆಯ ಪ್ರಶ್ನೆ. ಎರಡನೆಯದು ಅಭ್ಯಾಸ ಆಗಬಲ್ಲದು, ಅದಕ್ಕೇ ಡಾಕ್ಟರು ಅದನ್ನು ಸ್ವಲ್ಪ ಕಾಲ ಮಾತ್ರ ಕೊಟ್ಟು ಹಂತ ಹಂತವಾಗಿ ಇಳಿಸುತ್ತಾರೆ. ಮೊದಲನೆಯದು ಹಾಗಲ್ಲ, ಆದರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ಜಾಸ್ತಿ ಅನ್ನಿಸಬಹುದು. ಇದನ್ನು ಮೊದಲೇ ಹೇಳದಿದ್ದರೆ ಬಹಳ ಜನ "ಮಾತ್ರೆ ಆಗಿಬರಲಿಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಕಿಟಕಿಯ ಬಳಿ ನಿಂತು ಮಾತ್ರೆ ಕೊಟ್ಟು ಕಳಿಸುವವರು ಇಷ್ಟನ್ನು ಹೇಳಿದರೂ ಎಷ್ಟೋ ಜನ ಉಳಿಯುತ್ತಾರೆ.

ವಾರ್ಡಿನಲ್ಲಿ ಮಧ್ಯಾಹ್ನ ಹೆಂಗಸರಿಗೆ ಹತ್ತಿಯಿಂದ ಹೂಬತ್ತಿ ಹೊಸೆಯುವ ಕೆಲಸ ಕೊಡುತ್ತಿದ್ದರು. ಅವರಿಗೆ ಅದರಲ್ಲಿ ಒಳ್ಳೆಯ ಕೈ. ನಾನೂ ಪಕ್ಕದಲ್ಲಿ ಕೂತು ಹೊಸೆಯುತ್ತಿದ್ದೆ, ನನ್ನವನ್ನು ಅವರು ಬಿಚ್ಚಿ ಸರಿ ಮಾಡುತ್ತಿದ್ದರು. ಎದುರುಬದುರು ಕೂತಾಗ ಬಾರದ ಮಾತು ಕೈಗೆ ಕೆಲಸ ಇದ್ದಾಗ ಬರುತ್ತದೆ. ಹಾಗೊಂದು ಮಧ್ಯಾಹ್ನ, ನಾನೇನೂ ಕೇಳದೆ ಇದ್ದಾಗ, ಹತ್ತಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು.

"ಹಿಂದಿನ ರಾತ್ರಿ ಅವನು ಫೋನ್ ಮಾಡಿದ್ದ ಸಿಸ್ಟರ್. ಅಕ್ಕಾ, ಯಾಕೋ ಎದೆ ಉರಿ ಅಂದ. ಗ್ಯಾಸ್ಟ್ರಿಕ್ ಇರ್ಬೇಕು ಕಣೋ, ಜೀರಿಗೆ ಕಷಾಯ ಕುಡಿದು ಮಲ್ಕೋ ಅಂದೆ. ಕುಡಿದು ಮಲಗಿದ. ಬೆಳಿಗ್ಗೆ ಏಳ್ಲಿಲ್ಲ."

ಆಗ ನನಗೆ ತಿಳಿಯಿತು. ಅವರು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದ "ಗ್ಯಾಸ್ಟ್ರಿಕ್ ಅಷ್ಟೇ" ಎಂಬ ಮಾತು ಕಾಯಿಲೆಯ ಬಗ್ಗೆ ಆಡಿದ್ದಾಗಿರಲಿಲ್ಲ. ತನ್ನ ಎದೆನೋವು ಗ್ಯಾಸ್ಟ್ರಿಕ್ ಆಗಿದ್ದರೆ, ತಮ್ಮನಿಗೆ ಹಾಗೆ ಹೇಳಿದ್ದರಲ್ಲಿ ತಪ್ಪಿಲ್ಲ. ಅದು ಗ್ಯಾಸ್ಟ್ರಿಕ್ ಅಲ್ಲ ಎಂದಾದರೆ ಆ ರಾತ್ರಿಯ ಫೋನು ತನ್ನ ಮೇಲೆ ಬೀಳುತ್ತದೆ. ತಮ್ಮನ ಹೆಂಡತಿಯ ಮೇಲಿನ ಸಿಟ್ಟಿಗೂ ಮೂಲ ಅದೇ. ಹೊರಲಾಗದ ದೂರನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಮೊದಲ ದಿನವೇ ನಾನು "ನಿಮ್ಮದು ಗ್ಯಾಸ್ಟ್ರಿಕ್ ಅಲ್ಲ" ಎಂದು ವಾದಕ್ಕೆ ನಿಂತಿದ್ದರೆ, ಅವರ ಕಿವಿಗೆ ಅದು ನೀನೇ ತಮ್ಮನನ್ನು ಕೊಂದೆ ಎಂದು ಕೇಳುತ್ತಿತ್ತು.

"ನಿಮ್ಮ ತಪ್ಪೇನಿಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೊಸೆಯುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ, "ಅಷ್ಟು ದಿನದಿಂದ ಇದನ್ನ ಒಬ್ಬರೇ ಹೊತ್ಕೊಂಡಿದ್ರಿ," ಎಂದೆ. ಅಳು ಬಂತು. ತಮ್ಮ ಹೋದ ಮೇಲೆ ಮೊದಲ ಸಲ. ಗಂಡ ಓಡಿ ಬಂದು ಸಮಾಧಾನ ಮಾಡಲು ನೋಡಿದಾಗ, ಅಳಲಿ ಬಿಡಿ ಎಂದು ಸನ್ನೆ ಮಾಡಿದೆ. ಅವರೂ ಪಕ್ಕದಲ್ಲಿ ಕೂತರು.

ಇಂಥ ಮಾತು ಬಂದಾಗ ನರ್ಸು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಅಪರಾಧಿ ಭಾವ ಇರುವ ಕಡೆ ಬದುಕು ಬೇಡ ಎಂಬ ಯೋಚನೆಯೂ ಇರಬಹುದು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಎಂದು ಜನ ನಂಬುತ್ತಾರೆ, ಹಾಗಾಗುವುದಿಲ್ಲ. ನೇರವಾಗಿ ಕೇಳಿದೆ. "ಇಲ್ಲ ಸಿಸ್ಟರ್, ಮಕ್ಕಳಿದಾರೆ. ಅವನ ಜಾಗದಲ್ಲಿ ನಾನು ಹೋಗ್ಬೇಕಿತ್ತು ಅನ್ಸುತ್ತೆ, ಅಷ್ಟೇ." ಇದನ್ನು ಡಾಕ್ಟರಿಗೆ, ಸೈಕಾಲಜಿಸ್ಟಿಗೆ ತಿಳಿಸಬೇಕಾಗುತ್ತದೆ, ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಅವರಿಗೇ ಹೇಳಿ, ಒಪ್ಪಿಗೆ ಪಡೆದು, ವರದಿ ಮಾಡಿದೆ. ಆಮೇಲಿನ ಕೌನ್ಸೆಲಿಂಗ್ ಸೈಕಾಲಜಿಸ್ಟ್ ನಡೆಸಿದರು. ನನ್ನ ಪಾಲಿನ ಕೆಲಸ ದಿನದ ಕೂತುಕೊಳ್ಳುವಿಕೆ, ಉಸಿರಿನ ಅಭ್ಯಾಸ, ಊಟ, ನಿದ್ದೆ.

ಕೇಸ್ ಪ್ರೆಸೆಂಟೇಷನ್ ದಿನ ಚರ್ಚೆ ಬೇರೆ ಕಡೆಗೂ ಹೋಯಿತು. ಮೇಡಂ ನಮ್ಮನ್ನೇ ಕೇಳಿದರು: ನಿಮ್ಮ ರಕ್ಷಣಾ ತಂತ್ರಗಳು ಯಾವುವು? 1960ರಲ್ಲಿ ಇಸಬೆಲ್ ಮೆಂಜೀಸ್ ಎಂಬುವರು ಲಂಡನ್ನಿನ ಒಂದು ಆಸ್ಪತ್ರೆಯ ನರ್ಸುಗಳ ಬಗ್ಗೆ ಬರೆದಿದ್ದನ್ನು ವಿವರಿಸಿದರು. ಸಾವು ನೋವಿನ ಮಧ್ಯೆ ಕೆಲಸ ಮಾಡುವ ನರ್ಸುಗಳು ರೋಗಿಯನ್ನು ಹೆಸರಿನಿಂದ ಕರೆಯದೆ, ಹತ್ತನೆಯ ಮಂಚದ ಲಿವರ್ ಎಂಬಂತೆ ಕರೆಯುತ್ತಿದ್ದರು. ಕೆಲಸವನ್ನು ಸಣ್ಣ ಸಣ್ಣ ಚೂರು ಮಾಡಿ ಹಂಚಿಕೊಂಡು, ಯಾವ ರೋಗಿಯ ಜೊತೆಗೂ ಜಾಸ್ತಿ ಹೊತ್ತು ಇರದಂತೆ ಇಡೀ ಪದ್ಧತಿಯೇ ರೂಪುಗೊಂಡಿತ್ತು. ಅದು ಆತಂಕದಿಂದ ತಪ್ಪಿಸಿಕೊಳ್ಳುವ ಸಂಸ್ಥೆಯ ರಕ್ಷಣಾ ತಂತ್ರ ಎಂದು ಆಕೆ ತೋರಿಸಿದ್ದರು. ಕ್ಲಾಸು ಗಪ್‌ಚುಪ್. "ಬೆಡ್ ನಂಬರ್ ಹನ್ನೊಂದು" ಎಂದು ನಾವೆಲ್ಲ ಹೇಳುತ್ತೇವೆ. ಒಬ್ಬ ನರ್ಸಿಗೆ ನಲವತ್ತು ಮಂಚ ಇದ್ದಾಗ ಪ್ರತಿಯೊಬ್ಬರ ನೋವನ್ನೂ ಒಳಗೆ ಬಿಟ್ಟುಕೊಂಡರೆ ಸಂಜೆಗೆ ಮನೆಗೆ ಹೋಗಲು ಆಗುವುದಿಲ್ಲ, ಅದೂ ನಿಜ. ನರ್ಸುಗಳನ್ನು ಕಲ್ಲು ಮನಸ್ಸಿನವರು ಎಂದು ಬೈಯುವವರು ಆ ನಲವತ್ತು ಮಂಚಗಳ ಲೆಕ್ಕವನ್ನೂ ಕೇಳಬೇಕು.

ಬಿಡುಗಡೆಯ ಮಾತನ್ನು ಮೊದಲ ದಿನದಿಂದಲೇ ಹೇಳುತ್ತಾ ಬಂದಿದ್ದೆ. ನನ್ನ ಪೋಸ್ಟಿಂಗ್ ಮುಗಿಯುತ್ತದೆ, ನೀವೂ ಮನೆಗೆ ಹೋಗುತ್ತೀರಿ ಎಂದು. ಈಗಷ್ಟೇ ಒಬ್ಬರನ್ನು ಕಳೆದುಕೊಂಡವರಿಗೆ ಇನ್ನೊಂದು ಅಗಲಿಕೆ ಹೇಳದೆ ಕೇಳದೆ ಬರಬಾರದು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಹೇಳಿದೆವು. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ನಂಬರನ್ನು ಗಂಡ ಫೋನಿನಲ್ಲಿ ಸೇವ್ ಮಾಡಿಕೊಂಡರು.

ಕೇರ್ ಪ್ಲಾನಿನ ಕೊನೆಯ ಅಂಕಣ ಎವ್ಯಾಲ್ಯುಯೇಷನ್. ಹ್ಯಾಮಿಲ್ಟನ್ ಅಂಕ 14ಕ್ಕೆ ಇಳಿದಿತ್ತು. ನಿದ್ದೆ: ಗುರಿ ಮುಟ್ಟಿದೆ. ಆತಂಕ ಏರುವ ಮುನ್ಸೂಚನೆಯನ್ನು ತಾವೇ ಗುರುತಿಸಿ ಉಸಿರಿನ ಅಭ್ಯಾಸ ಮಾಡುವುದು: ಭಾಗಶಃ. ಹೊಗೆಸೊಪ್ಪು: ಇಲ್ಲ. ತಮ್ಮನ ಹೆಂಡತಿಯ ಜೊತೆ ಮಾತು: ಇಲ್ಲ. ಅವಳಿಗೆ ಆ ಫೋನಿನ ವಿಷಯ ಗೊತ್ತಿಲ್ಲ, ಹೇಳುವ ಧೈರ್ಯ ಇನ್ನೂ ಬಂದಿಲ್ಲ ಎಂದಿದ್ದರು. ಆಗಿಲ್ಲ ಎಂದೇ ಬರೆದೆ. ಮೇಡಂ ಸಹಿ ಹಾಕಿ, ಪಕ್ಕದಲ್ಲಿ "ಅವಸರ ಮಾಡಬೇಡಿ" ಎಂದು ಬರೆದರು.

ಆಮೇಲೆ ಓಪಿಡಿಯಲ್ಲಿ ಅವರನ್ನು ಕಂಡೆ. ಮೈ ಸ್ವಲ್ಪ ತುಂಬಿತ್ತು. ಕ್ಲೋನಾಜೆಪಾಮ್ ನಿಂತಿತ್ತು. ನಡುವೆ ಒಂದು ಸಲ ಎದೆ ಹಿಡಿದುಕೊಂಡಾಗ ಉಸಿರು ಎಣಿಸಿ ಇಳಿಸಿಕೊಂಡರಂತೆ. ಇನ್ನೊಂದು ಸಲ ಎಡಗೈಗೂ ನೋವು ಬಂದಿದ್ದರಿಂದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿಕೊಂಡರಂತೆ. "ಹೋಗಿದ್ದು ಸರಿನಾ ಸಿಸ್ಟರ್?" ಎಂದು ಕೇಳಿದರು. ಸರಿ ಎಂದೆ. ಹಾಗಾದಾಗ ಇನ್ನು ಮೇಲೂ ಕಾಯಬೇಡಿ, ಹೋಗಿ ತೋರಿಸಿ ಎಂದು ಗಂಡನಿಗೂ ಹೇಳಿದೆ. ಆಮೇಲೆ ಅವರು ಮಾತ್ರೆ ಎಷ್ಟು ತಿಂಗಳು ತೆಗೆದುಕೊಳ್ಳಬೇಕು ಎಂದು ಡಾಕ್ಟರನ್ನು ಕೇಳಲು ಒಳಗೆ ಹೋದರು.